ಬಾಯಿಗೆ ಬಾರದ ಹೆಸರು

ಮೊನ್ನೆ ಬೆಳಿಗ್ಗೆ ಮೊಮ್ಮಗಳು ಪತ್ರಿಕೆಯಲ್ಲಿದ್ದ ಬರಹವೊಂದನ್ನು ನನಗೆ ಓದಿ ಹೇಳಿದಳು. ಹೀಬ್ರೂ ಧರ್ಮಗ್ರಂಥದಲ್ಲಿ ಬರುವ ದೇವರ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಪಂಡಿತರು ಇವತ್ತಿಗೂ ಜಗಳಾಡುತ್ತಿದ್ದಾರಂತೆ. ಕೆಲವರು ಯೆಹೋವ ಎನ್ನುತ್ತಾರೆ, ಕೆಲವರು ಯಾಹ್ವೆ. ‘ಇರು’ ಎಂಬ ಅರ್ಥದ ಮಾತಿನಿಂದ ಅದು ಹುಟ್ಟಿತೆಂದು ಒಬ್ಬರು, ಅಲ್ಲ, ದಕ್ಷಿಣದ ಮರುಭೂಮಿಯ ಕುರಿಗಾರರಿಂದ ಬಂತೆಂದು ಇನ್ನೊಬ್ಬರು. ನನಗೆ ನಗು ಬಂತು. ಈ ಜಗಳ ಎಷ್ಟೋ ವರ್ಷದ ಹಿಂದೆ ಕುಷ್ಟಗಿಯ ನಮ್ಮ ಮನೆ ಕಟ್ಟೆಯವರೆಗೂ ಬಂದಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಆಗ ಇನ್ನೂ ನಿಜಾಮರ ಆಳ್ವಿಕೆ. ನಾನು ಆ ಮನೆಗೆ ಹೊಸ ಸೊಸೆ. ಕೊಪ್ಪಳದಲ್ಲಿ ನಾಲ್ಕಕ್ಷರ ಕಲಿತ ಜಂಬ ಬೇರೆ. ಆದರೂ ಗಂಡನ ಹೆಸರು ಹೇಳು ಎಂದರೆ ನಾಲಿಗೆ ಒಳಗೆ ಸರಿಯುತ್ತಿತ್ತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ. ಮದುವೆ ಮುಂಜಿಯಲ್ಲಿ ಎಲ್ಲರೂ ಪೀಡಿಸಿದರೆ ಪ್ರಾಸದ ಸಾಲು ಹೊಂದಿಸಿ ಒಂದು ಒಡಪು ಕಟ್ಟಿ, ಅದರ ಕೊನೆಗೆ ಹೆಸರನ್ನು ಗಬಕ್ಕನೆ ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದಷ್ಟೇ. ನಮ್ಮ ಅತ್ತೆಯವರದು ಇನ್ನೂ ಬಿಗಿ. ಮಾವನವರ ಹೆಸರು ಹನುಮಂತಪ್ಪ. (ಬರೆಯಲು ಅಡ್ಡಿಯಿಲ್ಲ, ಅನ್ನುವುದಕ್ಕೆ ನನಗೂ ಬಾಯಿ ಬಾರದು.) ಹೀಗಾಗಿ ಊರ ಹನುಮಂತದೇವರ ಗುಡಿ ಅತ್ತೆಯವರ ಬಾಯಲ್ಲಿ ‘ನಮ್ಮನಿಯವರ ಗುಡಿ’ ಆಗಿತ್ತು. ಗುಡಿಯನ್ನು ಮಾವನವರೇ ಕಟ್ಟಿಸಿದರೆಂದು ತಿಳಿದು ಪರವೂರಿನವರು ಅವರಿಗೆ ಕೈಮುಗಿದದ್ದೂ ಉಂಟು. ಮಾವನವರು ಅದನ್ನು ತಿದ್ದುತ್ತಿರಲಿಲ್ಲ.

ನಮ್ಮ ಓಣಿಯ ಕೊನೆಗೆ ಸಾಮುವೇಲಪ್ಪ ಮಾಸ್ತರರ ಮನೆ. ಅಲ್ಲಿದ್ದ ಕೆಲವೇ ಕ್ರೈಸ್ತ ಮನೆಗಳ ಮಕ್ಕಳಿಗೆ ಓದು ಕಲಿಸಿ, ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದರು. ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂರುವರು. ಒಳಗೆ ಕರೆಯುವ ರೂಢಿ ನಮ್ಮಲ್ಲಿ ಆಗ ಇರಲಿಲ್ಲ. ಅವರ ಹೆಂಡತಿ ರೂತವ್ವ ಹಿಂದಿನ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದರು.

ಒಂದು ಸಂಜೆ ಬಂದವರ ಮುಖದಲ್ಲಿ ಕಳೆಯಿರಲಿಲ್ಲ. ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ. ಪ್ರಾರ್ಥನೆಯನ್ನೇ ನಿಲ್ಲಿಸಿದ್ದಾರೆಂದು ಓಣಿಯಲ್ಲಿ ಆಗಲೇ ಸುದ್ದಿಯಿತ್ತು.

“ಏನಾಗೇತ್ರಿ ಮಾಸ್ತರ?” ಎಂದರು ಅತ್ತೆಯವರು.

“ಭಾಳ ಓದಿದವರೊಬ್ಬರು ಬಂದಿದ್ರವ್ವ. ನಾವು ಯೆಹೋವ ಅಂತೀವಲ್ಲ, ಆ ಹೆಸರ ಖರೇ ಅಲ್ಲಂತ. ಹೀಬ್ರೂದಾಗ ನಮ್ಮ ಸರ್ಕಾರದ ಉರ್ದು ಕಾಗದದಂಗ ಬರೀ ವ್ಯಂಜನ ಬರೀತಾರ. ನಡುವಿನ ಸ್ವರ ಓದೋರ ಹಾಕ್ಕೋಬೇಕು. ಆ ಹೆಸರು ಬಂದಲ್ಲೆ ‘ಒಡೆಯ’ ಅಂತ ಓದಿ ಓದಿ, ಖರೇ ಉಚ್ಚಾರನ ಮರತುಹೋತಂತ. ‘ಒಡೆಯ’ ಅನ್ನೋ ಮಾತಿನ ಸ್ವರ ಇದಕ್ಕ ಹಚ್ಚಿ, ಮುಂದಿನವರು ಯೆಹೋವ ಮಾಡಿದ್ರಂತ.”

“ಆಗಲಿ ಬಿಡ್ರಿ, ಅದಕ್ಕ್ಯಾಕ ಇಷ್ಟು ಚಿಂತಿ?”

ಮಾಸ್ತರರು ತಲೆ ತಗ್ಗಿಸಿದರು. “ಆಕಿ ಹೋಗೋ ದಿನ ಹೊತ್ತು ಏರಿದಾಗಿಂದ ಮುಳುಗೋತನಕ ಅದ ಹೆಸರಲೆ ಕರದೆ ನೋಡವ್ವ, ಆಕೀನ ನಿನ್ನ ಕೈಯಾಗ ತಗೋ ಅಂತ. ಹೆಸರ ತಪ್ಪಿದ್ರ ನನ್ನ ಕರೆ ಯಾರಿಗೆ ಮುಟ್ಟೇತಿ? ಆಕಿ ಎಲ್ಲಿ ಅದಾಳ?”

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅತ್ತೆಯವರು ಕೇಳಿದರು:

“ಆ ಹೆಸರ ಅನ್ನೂದು ಯಾಕ ಬಿಟ್ರಂತ?”

“ಮರ್ಯಾದಿಗೆ. ಅಂಜಿಕೆಗೆ.”

“ಹಂಗಾರ ನಮ್ಮಂಗ ಆತಲ್ರಿ! ನಾ ಈ ಮನಿಗೆ ಬಂದಾಗಿಂದ ಇವರ ಹೆಸರ ಅಂದಾಕಿ ಅಲ್ಲ. ‘ಕೇಳ್ರಿ ಇಲ್ಲೆ’ ಅಂತೀನಿ, ಅಷ್ಟ.”

‘ಕೇಳ್ರಿ ಇಲ್ಲೆ’ ತುಸು ಜೋರಾಗಿಯೇ ಬಂದಿರಬೇಕು. ಒಳಗೆ ಗೋಡೆಗೆ ಒರಗಿ ತೂಕಡಿಸುತ್ತಿದ್ದ ಮಾವನವರು ಧೋತರ ಸಾವರಿಸಿಕೊಳ್ಳುತ್ತ ಹೊರಗೆ ಬಂದರು. “ಏನಂದಿ?”

“ಏನಿಲ್ಲ, ಹೋಗ್ರಿ” ಎಂದು ಅವರನ್ನು ಒಳಗೆ ಕಳಿಸಿ, ಅತ್ತೆಯವರು ಮಾಸ್ತರರ ಕಡೆ ತಿರುಗಿದರು.

“ರೂತವ್ವ ನಿಮ್ಮನ್ನ ಎಂದಾದರೂ ಹೆಸರಲೆ ಕರದಿದ್ಲೇನು?”

“ಎಲ್ಲೀದವ್ವ. ‘ಅಯ್ಯ, ಬರ್ರಿ ಇಲ್ಲೆ’ ಅಂತಿದ್ಲು.”

“ನೀವು ಹೋಗ್ತಿದ್ರೋ, ಹೆಸರ ಸರಿಯಿಲ್ಲಂತ ಕುಂತ ಬಿಡ್ತಿದ್ರೋ?”

ಮಾಸ್ತರರು ಅತ್ತೆಯವರನ್ನೇ ನೋಡಿದರು. ಆಮೇಲೆ ನಕ್ಕರು, ನಗುತ್ತಲೇ ಅತ್ತರು, ಹೆಗಲ ಮೇಲಿನ ವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. “ಹೋಗ್ತಿದ್ದೆ ತಾಯಿ. ಕೈಯಾಗಿನ ಕೆಲಸ ಬಿಟ್ಟು ಹೋಗ್ತಿದ್ದೆ.” ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಕಪ್ಪು ಕೇಳಿದರು. ಆ ಭಾನುವಾರ ಓಣಿಯ ಕೊನೆಯಿಂದ ಪ್ರಾರ್ಥನೆ ಕೇಳಿಸಿತು. ಹಳೆಯ ಹೆಸರೇ, ಮೊದಲಿಗಿಂತ ಗಟ್ಟಿ ದನಿಯಲ್ಲಿ. ನಮ್ಮ ಮನೆಯಲ್ಲೂ ಅವತ್ತು ಎಲ್ಲರ ಮನಸ್ಸು ಹಗುರಾಗಿತ್ತು.

ಇದನ್ನೆಲ್ಲ ಕೇಳಿದ ಮೊಮ್ಮಗಳು ಪತ್ರಿಕೆ ಮಡಚಿಟ್ಟು ಎದ್ದು ಹೋದಳು. ನಮ್ಮ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು. ಓಗೊಡುವವರಿಲ್ಲವೆಂದು ನಾನು ಕರೆಯುವುದನ್ನೇ ಬಿಟ್ಟಿದ್ದೆ. ಮೊನ್ನೆ ಮೊಮ್ಮಗಳು ಎದ್ದುಹೋದ ಮೇಲೆ ಒಗ್ಗರಣೆ ಹಾಕುತ್ತಿದ್ದಾಗ ಮನಸ್ಸು ತಡೆಯಲಿಲ್ಲ. “ಕೇಳ್ರಿ ಇಲ್ಲೆ” ಎಂದೆ. ಯಾರೂ ಬರಲಿಲ್ಲ, ನಿಜ. ಆದರೂ ಕರೆದದ್ದಕ್ಕೇ ಮನಸ್ಸು ಹಗುರಾಯಿತು. ಈಗ ದಿನಾ ಕರೆಯುತ್ತೇನೆ.