ಚಂದ್ರಿಯ ಹಿಂಗಾಲು

ನಾನು ಪಶುವೈದ್ಯೆಯಾಗಿ ದೇವದುರ್ಗಕ್ಕೆ ಹೋದ ಎರಡನೆಯ ವರ್ಷದ ಮಾತಿದು. ನಿವೃತ್ತಿಯಾಗಿ ರಾಯಚೂರಿನಲ್ಲಿ ನೆಲೆಸಿದ್ದರೂ ಆ ಕಾಲುವೆ ಬಯಲಿನ ಬೇಸಿಗೆ ನೆನಪಾದರೆ ಈಗಲೂ ಹಿತವೆನಿಸುತ್ತದೆ.

ಒಂದು ಬೆಳಿಗ್ಗೆ ಗಬ್ಬೂರು ಕಡೆಯ ರೈತ ಶರಣಪ್ಪ ಫೋನ್ ಮಾಡಿದರು. ಅವರ ಹೊಲದಲ್ಲಿ ಬೀಡುಬಿಟ್ಟಿದ್ದ ಕುರಿಗಾಹಿ ಹುಲಿಗೆಮ್ಮನ ಹೆಣ್ಣುಕುದುರೆಗೆ ಹುಚ್ಚುನಾಯಿ ಕಡಿದಿರಬೇಕೆಂಬ ಅನುಮಾನ. ನಾನು ಹೋದಾಗ ಜನ ದೂರ ನಿಂತಿದ್ದರು.

"ಇಂಜೆಕ್ಷನ್ ಹಾಕಿ ಮುಗಿಸಿಬಿಡ್ರಿ ಮೇಡಂ. ಮನ್ಯಾಗ ಸಣ್ಣ ಮಕ್ಕಳು ಅದಾವ," ಎಂದರು ಶರಣಪ್ಪ.

ಅರವತ್ತು ದಾಟಿದ ಹುಲಿಗೆಮ್ಮ ಮಾತ್ರ ಹಗ್ಗ ಬಿಟ್ಟಿರಲಿಲ್ಲ. ಅವಳ ಗುಡಾರ, ಪಾತ್ರೆ, ಎಳೆ ಮರಿಗಳನ್ನು ಹನ್ನೊಂದು ವರ್ಷ ಊರೂರಿಗೆ ಹೊತ್ತದ್ದು ಈ ಚಂದ್ರಿಯೇ.

ನಡೆಸಿ ನೋಡಿದೆ. ಹಿಂಗಾಲುಗಳು ತೂರಾಡಿದವು. ಮೂತ್ರ ತಡೆಯಿಲ್ಲದೆ ಹನಿದು ತೊಡೆಯ ಚರ್ಮ ಸುಟ್ಟಂತಾಗಿತ್ತು. ನನಗೂ ಹೆದರಿಕೆಯಿತ್ತು.

"ಹಿಂಗಾಗಿ ಎಷ್ಟು ದಿನಾತು, ಯವ್ವಾ?"

"ಇಪ್ಪತ್ತು ದಿನಾತ್ರಿ, ಡಾಕ್ಟರವ್ವಾ."

ರೇಬೀಸ್ ಹಿಡಿದ ಕುದುರೆ ಅಷ್ಟು ದಿನ ಬದುಕುವುದಿಲ್ಲ. ಚಂದ್ರಿಯೋ ನೀರು ಕುಡಿಯುತ್ತಿತ್ತು, ಒಡತಿಯ ಭುಜಕ್ಕೆ ಮೂತಿ ಒರೆಸುತ್ತಿತ್ತು. ಏನು ಮೇಯಿಸುತ್ತೀ ಎಂದು ಕೇಳಿದೆ. ಅವಳು ಪಕ್ಕದ ಹಸಿರಿನತ್ತ ಕೈ ತೋರಿಸಿದಳು. ಕೊಯ್ದ ಜೋಳದ ಬುಡದಿಂದ ಮತ್ತೆ ಚಿಗುರಿದ ಕೂಳೆ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟಿದ್ದಕ್ಕೆ ಶರಣಪ್ಪ ಪ್ರೀತಿಯಿಂದ ಬಿಟ್ಟುಕೊಟ್ಟದ್ದು.

"ಕುರಿ ಬಿಡಂಗಿಲ್ರಿ, ವಿಷ ಏರಿ ಸಾಯ್ತಾವ. ಕುದುರಿಗೆ ಏನೂ ಆಗ್ಲಿಲ್ಲ. ಎರಡು ತಿಂಗಳಾತು, ನಮ್ಮ ಮೂರೂ ಕುದುರಿ ಇದನ್ನ ಮೇಯಾಕತ್ತಾವ."

ಪುಸ್ತಕದಲ್ಲಷ್ಟೇ ಓದಿದ್ದ ಕಾಯಿಲೆ ಎದುರಿಗಿತ್ತು. ಎಳೆ ಜೋಳದ ಸಯನೈಡ್ ಕುರಿಯನ್ನು ನಿಂತಲ್ಲೇ ಕೆಡವಬಲ್ಲದು. ಕುದುರೆಯಲ್ಲಿ ಅದು ವಾರಗಟ್ಟಲೆ ಸದ್ದಿಲ್ಲದೆ ಬೆನ್ನುಹುರಿಯ ನರಗಳನ್ನು, ಕೆಲವೊಮ್ಮೆ ಮಿದುಳನ್ನೂ ಹಾಳುಮಾಡುತ್ತದೆ. ನನ್ನ ಗುರುಗಳಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು.

ಅಂದೇ ಮೂರೂ ಕುದುರೆಗಳನ್ನು ಆ ಹೊಲದಿಂದ ಹೊರಗೆ ಕಟ್ಟಿಸಿದೆ. ಉಳಿದೆರಡು ಪಾರಾದವು. ಚಂದ್ರಿಯ ಮೂತ್ರಕೋಶದ ಸೋಂಕು ಹತ್ತು ದಿನದ ಆಂಟಿಬಯೋಟಿಕ್‌ನಿಂದ ಇಳಿಯಿತು. ಕಾಲು ಮಾತ್ರ ಸುಧಾರಿಸಲಿಲ್ಲ.

"ಸತ್ತ ನರ ಮತ್ತ ಚಿಗುರಂಗಿಲ್ಲ, ಯವ್ವಾ. ಇದು ಇನ್ನ ಹೊರಿ ಹೊರಂಗಿಲ್ಲ," ಎಂದೆ.

ಹುಲಿಗೆಮ್ಮ ಅಳಲಿಲ್ಲ. "ನಾವು ನಾಳಿ ಮಾನ್ವಿ ಕಡಿ ಹೋಗೋರು. ಇದನ್ನ ಹೆಂಗ ನಡಸ್ಲಿ?" ಎಂದಳು.

ಶರಣಪ್ಪ ಮುಂದೆ ಬಂದು ಚಂದ್ರಿಯ ಹಗ್ಗ ಹಿಡಿದರು. "ಮೇಯಾಕ ಬಿಟ್ಟಾಂವ ನಾನಽ. ಚಂದ್ರಿ ನಮ್ಮ ಮನಿಮುಂದ ಇರ್ಲಿ ಬೇ," ಎಂದರು.

ಮರುವರ್ಷ ಅತ್ತ ಹೋದಾಗ ಹುಲಿಗೆಮ್ಮನ ಮಂದೆ ಬಂದಿತ್ತು. ಚಂದ್ರಿ ಅವಳ ಧ್ವನಿಗೆ ಕೆನೆದು, ವಾಲಾಡುತ್ತಲೇ ಬದುವಿನವರೆಗೆ ನಡೆದು ಬಂತು. ವಾಸಿ ಮಾಡಲಾಗದ ಕಡೆಯೂ ವೈದ್ಯರಿಗೆ ಕೆಲಸವಿರುತ್ತದೆ ಎಂದು ನಾನು ಕಲಿತದ್ದು ಅಲ್ಲಿ, ಆ ಬದುವಿನ ಮೇಲೆ ನಿಂತು.