ಕೆರಾನಾಳ ಹೆಸರಿಗೆ ಶಿನಾಳ ಹಿಮ್ಮಡಿ

ಸಾವ್ಕಾಳೊಂದಿಗಿನ ಮೊದಲ ಮಾತುಕತೆ ಕೂಡಿಬಂದದ್ದು ಮೂರನೆಯ ಪ್ರಯತ್ನದಲ್ಲಿ. ರೊದೋಪೆ ಬೆಟ್ಟಗಳ ತಂಬಾಕು ಕೆಲಸದ ನೆನಪುಗಳನ್ನು ಧ್ವನಿಮುದ್ರಿಸುವ ಯೋಜನೆ ದ್ರಂಚೆವೊ ಊರಿಗೆ ತಲುಪಿದಾಗ, ಮೊದಲು ಕಳುಹಿಸಿದ ಪತ್ರಕ್ಕೆ ಅವಳಿಂದ ಉತ್ತರ ಬರಲಿಲ್ಲ. ಫೋನು ಮಾಡಿದಾಗ, "ನಾನು ನರ್ಸು. ತಂಬಾಕಿನ ಕಥೆ ಬೇಕಾದ್ರೆ ಅಜ್ಜಿಯರನ್ನ ಕೇಳಿ" ಎಂದು ಇಟ್ಟುಬಿಟ್ಟಳು. ಕೊನೆಗೆ ಊರಿನ ವಾಚನಾಲಯವನ್ನು ನೋಡಿಕೊಳ್ಳುವ ಹೆಂಗಸು ನಡುವೆ ಬಂದು ೨೦೨೨ರ ಅಕ್ಟೋಬರ್ ೨೦, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಗೊತ್ತುಮಾಡಿದಳು. ಸಾವ್ಕಾ ಒಂದೇ ಷರತ್ತು ಹಾಕಿದ್ದಳು: ಮಾತುಕತೆ ವಾಚನಾಲಯದಲ್ಲಿ ಬೇಡ, ತನ್ನ ಅಡುಗೆಮನೆಯಲ್ಲಿ ಆಗಲಿ.

ಆಗ ಅವಳಿಗೆ ಅರವತ್ತೊಂದು ವರ್ಷ. ಅವಳ ತಾಯಿ ಸಹಕಾರಿ ಸಂಘದ ತಂಬಾಕು ತಂಡದಲ್ಲಿ ದುಡಿದವಳು. ನಸುಕಿನಲ್ಲಿ ಕಿತ್ತು ತಂದ ಎಲೆಗಳನ್ನು ಉದ್ದನೆಯ ಸೂಜಿಗೆ ಪೋಣಿಸಿ, ದಾರಕ್ಕಿಳಿಸಿ, ಸರ ಮಾಡಿ ಒಣಹಾಕುವುದು ಹೆಂಗಸರ ಪಾಲಿನ ಕೆಲಸ. ಯಾರು ಎಷ್ಟು ಸರ ಪೋಣಿಸಿದರೆಂದು ತಂಡದ ಮುಖ್ಯಸ್ಥ ಸಂಜೆ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ. ಮೈ ಹುಷಾರಿಲ್ಲದವಳು, ಬಾಣಂತಿ, ಕೈ ಊದಿಕೊಂಡವಳು ಹಿಂದೆ ಬಿದ್ದರೆ ಪಕ್ಕದಲ್ಲಿ ಕೂತವಳು ತನ್ನ ಎರಡು ಸರಗಳನ್ನು ಸದ್ದಿಲ್ಲದೆ ಅವಳ ರಾಶಿಗೆ ಸೇರಿಸುತ್ತಿದ್ದಳು. ಇದಕ್ಕೆ ಕೃತಜ್ಞತೆ ಹೇಳುವ ಪದ್ಧತಿಯೂ ಇರಲಿಲ್ಲ. ಕಂಡರೂ ಕಾಣದಂತೆ ಇರುವುದೇ ಮರ್ಯಾದೆ.

"ಅಮ್ಮ ನನಗೆ ಮೊದಲು ಕಲಿಸಿದ್ದು ಸೂಜಿ ಹಿಡಿಯೋದಲ್ಲ, ಬೇರೆ ಕಡೆ ನೋಡೋದು" ಎಂದು ಹೇಳಿ ಸಾವ್ಕಾ ನಕ್ಕಳು. ಹುರುಳಿಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. "ಆ ಯಂತ್ರ ಆರಿಸಿ. ಮುಂದಿನ ವಾರ ಬನ್ನಿ" ಎಂದಳು.

ಮುಂದಿನ ವಾರ, ಅಕ್ಟೋಬರ್ ೨೭ರಂದು, ಯಂತ್ರವನ್ನು ಹಚ್ಚಿಡಲು ಅವಳೇ ಹೇಳಿದಳು. ಕೆಳಗಿನದು ಆ ದಿನ ಅವಳು ಹೇಳಿದ ಸಂಗತಿ.

೨೦೧೮ರ ಶರತ್ಕಾಲದಲ್ಲಿ ಜಿಲ್ಲೆಯ ಆರೋಗ್ಯ ಕಚೇರಿ ಅವಳ ಕೈಗೊಂದು ಚೀಲ ಕೊಟ್ಟಿತು. ಅದರಲ್ಲಿದ್ದುದು ಹಿಮ್ಮಡಿಯ ಮೂಳೆಯನ್ನು ಶಬ್ದದ ಅಲೆಗಳಿಂದ ಪರೀಕ್ಷಿಸುವ ಯಂತ್ರ. ಬರಿಗಾಲನ್ನು ಅದರ ತೊಟ್ಟಿಲಿನಂಥ ಜಾಗದಲ್ಲಿಟ್ಟು, ಹಿಮ್ಮಡಿಯ ಎರಡೂ ಬದಿಗೆ ಲೋಳೆ ಹಚ್ಚಿದರೆ, ಅರ್ಧ ನಿಮಿಷದೊಳಗೆ ಒಂದು ಅಂಕಿ ಮೂಡುತ್ತದೆ. ಅಂಕಿ ತೀರ ಕೆಳಗಿದ್ದರೆ ಮೂಳೆ ಸವೆದಿರುವ ಶಂಕೆ. ಅಂಥವರನ್ನು ಪಟ್ಟಣದ ಆಸ್ಪತ್ರೆಯ ದೊಡ್ಡ ಪರೀಕ್ಷೆಗೆ ಕಳುಹಿಸಬೇಕು, ಬಿದ್ದು ಮೂಳೆ ಮುರಿಯುವ ಮೊದಲೇ ಔಷಧ ಶುರುವಾಗಬೇಕು. ಐದು ಊರುಗಳಿಗೆ ಒಬ್ಬಳೇ ನರ್ಸಾಗಿದ್ದ ಸಾವ್ಕಾಳಿಗೆ ಆ ಚೀಲ ಹೆಮ್ಮೆಯ ವಸ್ತುವಾಗಿತ್ತು.

ದ್ರಂಚೆವೊದ ಅಜ್ಜಿಯರಿಗೆ ತೊಂದರೆ ಯಂತ್ರದ್ದಲ್ಲ, ಬರಿಗಾಲಿನದು. ಮನೆಯೊಳಗೂ ಉಣ್ಣೆಯ ಕಾಲುಚೀಲ ಕಳಚದವರು, ಬಿರಿದ ಹಿಮ್ಮಡಿಯನ್ನು ಹಗಲು ಬೆಳಕಿನಲ್ಲಿ ತೋರಿಸುವುದೆಂದರೆ ಹಿಂಜರಿದರು. ಸಾವ್ಕಾ ಉಪಾಯ ಹೂಡಿದಳು. ವಾಚನಾಲಯದ ಮೂಲೆಯಲ್ಲಿ ಹಾಸಿಗೆ ಹೊದಿಕೆಯೊಂದನ್ನು ಪರದೆಯಂತೆ ಕಟ್ಟಿದಳು. ಆಚೆ ಕುರ್ಚಿಯಲ್ಲಿ ಕೂತವರು ಹೆಸರಿನ ಚೀಟಿಯನ್ನೂ ಕಾಲನ್ನೂ ಪರದೆಯ ಕೆಳಗಿನಿಂದ ಚಾಚಬೇಕು. ಈಚೆ ಕೂತ ಅವಳಿಗೆ ಕಾಣುವುದು ಕಾಲು ಮಾತ್ರ.

ಅಕ್ಟೋಬರ್ ೯ರ ಬೆಳಿಗ್ಗೆ ಮೊದಲ ಸಾಲಿನಲ್ಲೇ ಎಪ್ಪತ್ತಾರರ ಶಿನಾ ಬಂದಳು. ತಂಡದಲ್ಲಿ ಸೂಜಿಯ ವೇಗಕ್ಕೆ ಹೆಸರಾದವಳು, ಬಾಯಿಯೂ ಅಷ್ಟೇ ಚುರುಕು.

"ಲೋಳೆ ತಣ್ಣಗಿದೆಯಲ್ಲೇ ಸಿಸ್ಟರ್! ನನ್ನ ಗಂಡ ಬದುಕಿದ್ದಾಗಲೂ ಈ ಕಾಲನ್ನ ಇಷ್ಟು ಹೊತ್ತು ಹಿಡಿದಿರಲಿಲ್ಲ."

"ಅಲ್ಲಾಡಬೇಡಿ ಶಿನಜ್ಜಿ, ಅಂಕಿ ಅಲ್ಲಾಡುತ್ತೆ."

ಅಂಕಿ ಚೆನ್ನಾಗಿತ್ತು. ಕಣಕಾಲಿನ ಒಳಬದಿಯಲ್ಲಿ ಕುಡುಗೋಲು ತಗಲಿ ಆದ ಬಿಳಿಯ ಅರೆಚಂದ್ರದ ಗುರುತಿತ್ತು. ಸಾವ್ಕಾ ಬರೆದುಕೊಂಡಳು.

ಹನ್ನೊಂದರ ಹೊತ್ತಿಗೆ ಪರದೆಯ ಕೆಳಗಿನಿಂದ ಇನ್ನೊಂದು ಚೀಟಿ ಬಂತು: ಕೆರಾನಾ. ಅವಳು ಶಿನಾಳ ಪಕ್ಕದ ಮನೆಯವಳು. ಮೂವತ್ತು ವರ್ಷ ಅವಳ ಪಕ್ಕದಲ್ಲೇ ಕೂತು ಎಲೆ ಪೋಣಿಸಿದವಳು. ಎರಡು ವರ್ಷದಲ್ಲಿ ಬೆನ್ನು ಬಾಗಿ ಗಿಡ್ಡವಾಗಿದ್ದಳು. ಆ ಊರಿನಲ್ಲಿ ಯಾರ ಅಂಕಿಯನ್ನು ನೋಡಲು ಸಾವ್ಕಾ ಕಾತರಿಸಿದ್ದಳೋ ಅವಳೇ. ಚೀಟಿಯ ಹಿಂದೆ ಕಾಲು ಬಂತು. ಕಣಕಾಲಿನಲ್ಲಿ ಬಿಳಿಯ ಅರೆಚಂದ್ರ.

ಸಾವ್ಕಾ ಆ ಗುರುತನ್ನು ನೋಡುತ್ತ ಕೂತಳು. ಆಚೆಯಿಂದ ಇಬ್ಬರು ಹೆಂಗಸರ ಉಸಿರು ಕೇಳಿಸುತ್ತಿತ್ತು. ಪರದೆ ಸರಿಸಿದ್ದರೆ ಸಾಕಿತ್ತು. ಆದರೆ ತುಂಬಿದ ಕೋಣೆಯಲ್ಲಿ ಇಬ್ಬರು ಅಜ್ಜಿಯರನ್ನು ತಪ್ಪು ಮಾಡಿದ ಮಕ್ಕಳಂತೆ ಹಿಡಿದುಕೊಟ್ಟಂತಾಗುತ್ತಿತ್ತು. ಅವಳು ಲೋಳೆ ಹಚ್ಚಿದಳು, ಅಳೆದಳು, ಹೆಚ್ಚುಕಡಿಮೆ ಬೆಳಗಿನದೇ ಅಂಕಿಯನ್ನು ನೋಂದಣಿ ಪುಸ್ತಕದಲ್ಲೂ ಕಾರ್ಡಿನಲ್ಲೂ ಕೆರಾನಾಳ ಹೆಸರಿನ ಮುಂದೆ ಬರೆದಳು. ನಾಳೆ ಮನೆಗೆ ಹೋಗಿ ನಿಜವಾದ ಕಾಲನ್ನು ಅಳೆದು ತಿದ್ದಿದರಾಯಿತು ಎಂದುಕೊಂಡಳು. ನಾಳೆ ಬೇರೆ ಊರಿನ ಸರದಿಯಿತ್ತು. ಆಮೇಲೆ ಹಿಮ ಬಿತ್ತು.

ಫೆಬ್ರವರಿಯಲ್ಲಿ ಕೆರಾನಾ ಒಲೆಯ ಬಳಿ ಬೋಗುಣಿ ಎತ್ತಲು ಬಗ್ಗಿದವಳು ಕುಸಿದಳು. ಜಾರಿರಲಿಲ್ಲ, ಎಡವಿರಲಿಲ್ಲ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಪಟ್ಟಣದಿಂದ ಶಸ್ತ್ರವೈದ್ಯ ಫೋನು ಮಾಡಿದ.

"ಇವರ ಕಾರ್ಡಲ್ಲಿ ಅಂಕಿ ಇಷ್ಟು ಚೆನ್ನಾಗಿದೆ. ಮೂಳೆ ನೋಡಿದ್ರೆ ಹಪ್ಪಳ. ಅಳೆದಿದ್ದು ಯಾರು?"

"ನಾನೇ, ಡಾಕ್ಟ್ರೇ."

"ಮತ್ತೆ?"

"ಯಂತ್ರ... ಕೆಲವು ಸಲ ತಪ್ಪು ತೋರಿಸುತ್ತೇನೋ."

ಇಷ್ಟನ್ನು ಹೇಳಿ ಸಾವ್ಕಾ ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ಕೂತಳು.

ವೈದ್ಯ ಆ ಮಾತನ್ನು ಕಚೇರಿಗೆ ಬರೆದ. ಏಪ್ರಿಲಿನಲ್ಲಿ ಯಂತ್ರವನ್ನು "ನಂಬಲರ್ಹವಲ್ಲ" ಎಂದು ವಾಪಸು ಪಡೆದರು. ಬೇರೆ ಯಂತ್ರ ಬರಲಿಲ್ಲ. ಐದು ಊರುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರ ಹಿಮ್ಮಡಿ ಅಂದಿನಿಂದ ಅಳತೆಯಾಗಿಲ್ಲ. ಅವರಲ್ಲಿ ಯಾರಾದರೂ ಕೈಗೆ ಪಟ್ಟಿ ಕಟ್ಟಿಕೊಂಡು ಬಂದರೆ ಸಾವ್ಕಾಳ ಮುಖ ಬಿಸಿಯಾಗುತ್ತದೆ. ಅವರು ಅದನ್ನು ಅನುಕಂಪವೆಂದು ತಿಳಿದು ಅವಳನ್ನೇ ಸಮಾಧಾನ ಮಾಡುತ್ತಾರೆ.

ಕೆರಾನಾ ಬದುಕಿದಳು, ಆದರೆ ಹಾಸಿಗೆಯಿಂದ ಕಿಟಕಿಯವರೆಗಷ್ಟೇ ನಡಿಗೆ. ಸುಮಾರು ನಾಲ್ಕು ವರ್ಷದಿಂದ ವಾರಕ್ಕೆರಡು ಸಲ ಸಾವ್ಕಾ ಅವಳ ರಕ್ತದೊತ್ತಡ ನೋಡಲು ಹೋಗುತ್ತಾಳೆ. ಪ್ರತಿ ಸಲವೂ ಕೆರಾನಾ ಒಂದು ಬಟ್ಟಲು ಗಟ್ಟಿ ಮೊಸರು ತಿನ್ನಿಸದೆ ಕಳುಹಿಸುವುದಿಲ್ಲ. "ನಿನ್ನಂಥ ನರ್ಸು ಎಲ್ಲೂ ಸಿಗಲ್ಲ ಮಗಳೇ" ಎನ್ನುತ್ತಾಳೆ. ಆ ಬಟ್ಟಲನ್ನು ತಲೆ ಎತ್ತದೆ ಖಾಲಿ ಮಾಡುತ್ತೇನೆ ಎಂದು ಸಾವ್ಕಾ ಹೇಳಿದಳು.

"ಅವ್ರಿಗೆ ತಂಬಾಕಿನ ಸರವೂ ಹಿಮ್ಮಡಿಯೂ ಒಂದೇ ಅನ್ನಿಸ್ತು. ಅವ್ರು ಓದಿದವ್ರಲ್ಲ. ನಾನು ಓದಿದ್ದೆ. ನನಗೂ ಒಂದೇ ಅನ್ನಿಸ್ತಲ್ಲ."

ಮೂರನೆಯ ಭೇಟಿ ನವೆಂಬರ್ ೩ರಂದು, ಕೆರಾನಾಳ ಮನೆಯಲ್ಲಿ ನಡೆಯಿತು. ಸಾವ್ಕಾಳೇ ಕರೆದೊಯ್ದಳು. ಶಿನಾ ಅಲ್ಲಿಯೇ ಮಂಚದ ತುದಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದಳು. ಕಚೇರಿಗೆ ಹೋಗಿ ನೋಂದಣಿ ಪುಸ್ತಕ ತಿದ್ದಿಸುತ್ತೇನೆ, ನಿಮ್ಮಿಬ್ಬರ ಒಪ್ಪಿಗೆ ಬೇಕು ಎಂದು ಸಾವ್ಕಾ ನಿಂತುಕೊಂಡೇ ಹೇಳಿದಳು.

"ನಿನಗೆ ಗೊತ್ತಿತ್ತಾ?" ಶಿನಾಳ ಸೂಜಿಗಳು ನಿಂತವು.

"ಗುರುತು ನೋಡಿದ್ದೆ ಶಿನಜ್ಜಿ. ಅವತ್ತೇ."

"ಅಯ್ಯೋ ನಿನ್ನ! ಗೊತ್ತಿದ್ದೂ ಯಾಕೆ ಬೈಲಿಲ್ಲ? ಎರಡು ಬಿಟ್ಟಿದ್ರೆ ಇವಳು ಕಾಲು ಚಾಚ್ತಿದ್ಲು. ನಾನೇನೋ ಇವಳು ನಾಚ್ಕೋತಾಳೆ ಅಂತ ಕೊಟ್ಟೆ. ನೀನು ಕಲಿತವಳು!"

"ಸುಮ್ನಿರೇ ಶಿನಾ," ಕೆರಾನಾ ಗೋಡೆಯ ಕಡೆ ಮುಖ ಮಾಡಿದಳು. "ಹೆದರಿದ್ದು ನಾನು. ನನ್ನ ಬೆನ್ನು ನನಗೆ ಗೊತ್ತಿರಲಿಲ್ವಾ? ಯಂತ್ರ ಅದನ್ನ ಎಲ್ಲರ ಮುಂದೆ ಹೇಳಿಬಿಡುತ್ತೆ ಅಂತ ಹೆದರಿದ್ದೆ." ಮತ್ತೆ ಸಾವ್ಕಾಳ ಕಡೆ ತಿರುಗಿ, "ಕೆಲಸ ಹೋಗುತ್ತೇನೇ ನಿಂದು?" ಎಂದಳು.

"ಹೋಗಬಹುದು. ಪಿಂಚಣಿಗೆ ಎರಡು ವರ್ಷ ಇದೆ."

"ಹಾಗಾದ್ರೆ ಬರೀಬೇಡ."

"ಯಂತ್ರ ಕಚೇರಿಯ ಕಪಾಟಲ್ಲಿ ಕೂತಿದೆ ಕೆರಾನಜ್ಜಿ. ಅದರ ತಪ್ಪಿಲ್ಲ."

ಸಾವ್ಕಾ ಬರೆದು ತಂದಿದ್ದ ಕಾಗದವನ್ನು ಓದಿದಳು. ಅದರಲ್ಲಿ "ಬೇರೊಬ್ಬರ ಹಿಮ್ಮಡಿ" ಎಂದಿತ್ತು. ಶಿನಾ ಅದನ್ನು ಕೇಳಿ ಮೂಗು ಮುರಿದಳು.

"ಬೇರೊಬ್ಬರು ಅಂದ್ರೆ ಯಾರು? ಕದ್ದ ಹಿಮ್ಮಡಿಯಾ ಅದು? ನನ್ನ ಹೆಸರು ಹಾಕು."

೨೦೨೨ರ ನವೆಂಬರ್ ೧೭ರಂದು, ಜಿಲ್ಲಾ ಆರೋಗ್ಯ ಕಚೇರಿಯ ನೋಂದಣಿ ಪುಸ್ತಕದಲ್ಲಿ, ೨೦೧೮ರ ಅಕ್ಟೋಬರ್ ೯ರ ಹತ್ತೊಂಬತ್ತನೆಯ ಸಾಲಿನ ಎದುರು, ಸಾವ್ಕಾಳ ಕೈಬರಹದಲ್ಲಿ ಹೀಗೆ ಸೇರಿದೆ: "ಕೆರಾನಾ ಅವರ ಹಿಮ್ಮಡಿಯನ್ನು ಅಳೆದಿಲ್ಲ. ಅಳೆದದ್ದು ಶಿನಾ ಅವರದನ್ನು. ಅದು ತಿಳಿದಿದ್ದೂ ನಾನು ಬರೆದೆ. ಯಂತ್ರದಲ್ಲಿ ದೋಷವಿರಲಿಲ್ಲ."