ಬೀಗ ಹಾಕಿದ ಕೋಣೆಯ ಗ್ರಾಮಫೋನು

ಐವತ್ತರ ದಶಕದ ಕೊನೆಯಲ್ಲಿ ನಾನು ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದಾಗ, ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಗ್ರಾಮಫೋನಿಗೆ. ತೀರಿಹೋದ ಮಾವನವರು ತಂದದ್ದು. ಬೆಳಿಗ್ಗೆ ಪೂಜೆ ಮುಗಿಸಿ ಅತ್ತೆ ತಾವೇ ಅದಕ್ಕೆ ಪೂರ್ತಿ ಚಾವಿ ಕೊಟ್ಟಿಡುವರು. ಸಂಜೆ ಹಾಡಿನ ಒಂದು ಪ್ಲೇಟು ಹಾಕುವರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ನಾನು ಬಂದ ಕೆಲವೇ ವಾರಗಳಲ್ಲಿ ಹಾಡು ನಡುವೆಯೇ ಸೋಲತೊಡಗಿತು. ಹೆಣ್ಣು ದನಿ ಗಂಡಾಗಿ, ಗೊಗ್ಗರಾಗಿ, ನಿಂತೇ ಹೋಗುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು.

"ಮಧ್ಯಾಹ್ನ ನಾ ಮಲಗಿದಾಗ ಯಾರೋ ಹಚ್ತಾರೆ. ದಡ್ ಅಂತ ಸಪ್ಪಳ ಕೇಳೈತಿ ನಂಗೆ."

"ನಾ ಮುಟ್ಟೇ ಇಲ್ರೀ ಅತ್ತೆ."

"ನಿನ್ನ ಹೆಸರು ಹೇಳಿದ್ನೇನು ನಾನು?"

ಅಂದೇ ಗ್ರಾಮಫೋನು ಇದ್ದ ಕೋಣೆಗೆ ಬೀಗ ಬಿತ್ತು. ಆದರೂ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಅವರ ಅನುಮಾನ ನನಗೂ ಅಂಟಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನ ಗಂಡನ ಹತ್ತಿರ ಇನ್ನೊಂದು ಕೀಲಿಕೈ ಇರಬಹುದೇ? ಬೈಗುಳ ನನಗೆ ಬರಲಿ ಅಂತ ಸುಮ್ಮನಿದ್ದಾರೆಯೇ? ಅವರು ಬರುವ ಹೋಗುವ ಹೊತ್ತನ್ನು ಗಮನಿಸತೊಡಗಿದೆ.

ಒಂದು ಭಾನುವಾರ ಮಧ್ಯಾಹ್ನ ಮೂವರೂ ಪಡಸಾಲೆಯಲ್ಲಿದ್ದೆವು. ನಾನು ಅಕ್ಕಿ ಆರಿಸುತ್ತಿದ್ದೆ. ಬೀಗ ಹಾಕಿದ ಕೋಣೆಯೊಳಗೆ 'ದಡ್' ಅಂತು.

ಅತ್ತೆ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ಇಬ್ಬರೂ ಎದುರಿಗೇ ಇದ್ದೆವು.

ಗಂಡ ಬೀಗ ತೆಗೆಸಿ, ಚಾವಿ ಪೂರ್ತಿ ಇಳಿಯುವವರೆಗೆ ತಟ್ಟೆ ತಿರುಗಲು ಬಿಟ್ಟು, ಪೆಟ್ಟಿಗೆ ಬಿಚ್ಚಿದರು. ಸ್ಪ್ರಿಂಗಿನ ಸುತ್ತುಗಳ ನಡುವೆ ಹಳೆಯ ಗ್ರೀಸು ಒಣಗಿ ಮೇಣದಂತೆ ಗಟ್ಟಿಯಾಗಿತ್ತು.

"ನೋಡವ್ವ, ನೀ ತಿರುಗಿಸಿದ ಶಕ್ತಿಯೆಲ್ಲ ಈ ಸ್ಪ್ರಿಂಗಿನಾಗೆ ಕೂತಿರ್ತದೆ. ಬಿಚ್ಚಿಕೊಳ್ಳುವಾಗ ಒಂದು ಸುತ್ತು ಇನ್ನೊಂದಕ್ಕೆ ತಿಕ್ಕಿ, ಬಹಳಷ್ಟು ಅಲ್ಲೇ ಕಾವಾಗಿ ಹೋಗ್ತದೆ. ಹಾಡಿಗೆ ಉಳಿಯೋದು ಚೂರೇ. ಯಾರೂ ಮುಟ್ಟದಿದ್ರೂ ಅಂಟಿದ ಸುತ್ತು ಒಮ್ಮೆಲೇ ಜಾರಿದ್ರೆ ಈ ಸಪ್ಪಳ."

"ನಿಮ್ಮಪ್ಪ ಇದ್ದಾಗ ತಿಕ್ತಿರಲಿಲ್ಲೇನು?"

"ತಿಕ್ತಿತ್ತು. ಆಗ ಗ್ರೀಸು ಹಸಿ ಇತ್ತು, ಇಷ್ಟು ಹಿಡೀತಿರಲಿಲ್ಲ."

ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಸವರಿದರು. ಸಂಜೆ ಹಾಡು ಕೊನೆಯವರೆಗೂ ಸಲೀಸಾಗಿ ಸಾಗಿತು. ಅತ್ತೆ ನನ್ನತ್ತ ತಿರುಗಿ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಇನ್ನೊಂದು ಯಾವುದು ಹಾಕ್ಲಿ? ನೀನೇ ಹೇಳು" ಎಂದರು.

ಪ್ರೀತಿಯೋ ಪರೀಕ್ಷೆಯೋ ತಿಳಿಯಲಿಲ್ಲ. ಅವರು ಒಮ್ಮೆಯೂ ಹಾಕದ ಪ್ಲೇಟುಗಳೂ ಅಲ್ಲಿದ್ದವು. ಅಂಥದೊಂದರ ಹೆಸರು ನನ್ನ ಬಾಯಿಂದ ಬಂದುಬಿಟ್ಟು, ಕದ್ದು ಮುಟ್ಟಿದವಳು ನಾನೇ ಅಂದುಕೊಂಡರೆ?

"ನಿಮಗೆ ಇಷ್ಟ ಆಗಿದ್ದೇ ಹಾಕ್ರೀ" ಎಂದೆ.

ಅತ್ತೆ ನಕ್ಕರು. ಯಾಕೆ ನಕ್ಕರೆಂದು ಬಹಳ ದಿನ ಯೋಚಿಸಿದೆ.